‘ಕನ್ಸರ್ನ್ಸ್’ ಫೋಲ್ಡರಿನಲ್ಲಿ ಏನಿರಬೇಕು?

ಜಾಲತಾಣಗಳ ತಂತ್ರಾಂಶ ಬರೆಯಲು ಬಳಸುವ ಚೌಕಟ್ಟುಗಳಲ್ಲಿ ರೂಬಿ ಆನ್ ರೈಲ್ಸ್ ಪ್ರಸಿದ್ಧವಾದುದು. ಡೇವಿಡ್ ಹೈನೆಮೈಯರ್ ಹ್ಯಾನ್ಸನ್ ಇದನ್ನು 2004ರಲ್ಲಿ ಬಿಡುಗಡೆ ಮಾಡಿದರು. ಬ್ರೌಸರಿನಿಂದ ಬಂದ ಕೋರಿಕೆಯನ್ನು ಸ್ವೀಕರಿಸಿ, ಬೇಕಾದ ದತ್ತಾಂಶ ತರಿಸಿ, ಉತ್ತರ ಕಳುಹಿಸುವ ಭಾಗಕ್ಕೆ ಇದರಲ್ಲಿ ಕಂಟ್ರೋಲರ್ ಎಂದು ಹೆಸರು. ಕಾಲೇಜೊಂದರ ತಾಣದಲ್ಲಿ ಹಾಜರಾತಿ, ಅಂಕ, ಶುಲ್ಕ ಇವಕ್ಕೆ ಒಂದೊಂದು ಕಂಟ್ರೋಲರ್ ಇದೆ ಎನ್ನೋಣ. ಬಳಕೆದಾರರು ಲಾಗಿನ್ ಆಗಿದ್ದಾರೆಯೇ ಎಂಬ ತಪಾಸಣೆ ಮೂರಕ್ಕೂ ಬೇಕು. ಈ ಸಮಾನ ಭಾಗವನ್ನು ಎಲ್ಲಿಡಬೇಕು?

ರೈಲ್ಸ್‌ನ ಮೊದಲ ಉತ್ತರ ಅಪ್ಲಿಕೇಶನ್‌ಕಂಟ್ರೋಲರ್ ಎಂಬ ಮೂಲ ಕ್ಲಾಸ್. ಅಲ್ಲಿ ಬರೆದುದು ಉಳಿದೆಲ್ಲ ಕಂಟ್ರೋಲರುಗಳಿಗೂ ಆನುವಂಶಿಕವಾಗಿ ಬರುತ್ತದೆ. ಲಾಗಿನ್ ತಪಾಸಣೆಗೆ ಇದು ಸರಿಯೇ. ಆದರೆ ಎರಡೇ ಕಂಟ್ರೋಲರುಗಳಿಗೆ ಬೇಕಾದುದೂ ಅಲ್ಲಿಗೇ ಸೇರುತ್ತಾ ಹೋಗಿ ಆ ಕಡತ ಮನೆಯ ಅಟ್ಟದಂತಾಗುತ್ತದೆ. ರೂಬಿಯಲ್ಲಿ ಒಂದು ಕ್ಲಾಸಿಗೆ ಒಂದೇ ಮೂಲ ಕ್ಲಾಸ್ ಇರಬಹುದು. ಮಾಡ್ಯೂಲುಗಳನ್ನು ಮಾತ್ರ ಎಷ್ಟು ಬೇಕಾದರೂ ಬೆರೆಸಬಹುದು. ಇಂಥ ಮಾಡ್ಯೂಲುಗಳಿಗೆಂದೇ 2013ರ ರೈಲ್ಸ್ 4 ‘ಕನ್ಸರ್ನ್ಸ್’ ಎಂಬ ಫೋಲ್ಡರನ್ನು ಮೀಸಲಿಟ್ಟಿತು. ನನ್ನ ತಕರಾರು ಇಲ್ಲಿಯೇ.

ಖಾಲಿ ಫೋಲ್ಡರ್ ಕಂಡರೆ ತುಂಬಿಸುವ ಮನಸ್ಸಾಗುತ್ತದೆ. ನಾನೂರು ಸಾಲಿನ ಕಂಟ್ರೋಲರನ್ನು ನಾಲ್ಕು ಮಾಡ್ಯೂಲುಗಳಿಗೆ ಹಂಚಿದರೆ ಕಡತ ಕಿರಿದಾಗುತ್ತದೆ, ಜಟಿಲತೆ ಕಿರಿದಾಗುವುದಿಲ್ಲ. ಎರಡು ಕಾಯಗಳನ್ನು ಬೇರೆ ಬೇರೆ ಪುಟಗಳಲ್ಲಿ ಬರೆದ ಮಾತ್ರಕ್ಕೆ ಅವುಗಳ ನಡುವಣ ಬಲ ಇಲ್ಲವಾದೀತೆ? ಅಂಕಗಳ ಸರಾಸರಿ ತೆಗೆಯುವ ಮಾಡ್ಯೂಲೊಂದು, ವಿದ್ಯಾರ್ಥಿಯ ವಿವರವನ್ನು ಕಂಟ್ರೋಲರ್ ಮೊದಲೇ ಒಂದು ಚರದಲ್ಲಿ ತುಂಬಿಟ್ಟಿದೆ ಎಂದು ನಂಬಿಕೊಂಡಿರುತ್ತದೆ. ಈ ನಂಬಿಕೆ ಮಾಡ್ಯೂಲಿನಲ್ಲಿ ಎಲ್ಲಿಯೂ ನಮೂದಾಗಿರುವುದಿಲ್ಲ. ಎರಡು ಮಾಡ್ಯೂಲುಗಳಲ್ಲಿ ಒಂದೇ ಹೆಸರಿನ ಮೆಥಡ್ ಇದ್ದರೆ ತರುವಾಯ ಬೆರೆಸಿದ್ದೇ ನಡೆಯುತ್ತದೆ. ರೂಬಿ ಎಚ್ಚರಿಸುವುದೂ ಇಲ್ಲ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಮೆಥಡನ್ನು ಖಾಸಗಿ ಎಂದು ಘೋಷಿಸಲು ಮರೆತರೆ, ರೈಲ್ಸ್ ಅದನ್ನೂ ಹೊರಗಿನ ಕೋರಿಕೆಗೆ ಉತ್ತರಿಸಬಲ್ಲ ಕ್ರಿಯೆಯೆಂದೇ ಎಣಿಸುತ್ತದೆ. ಅದಕ್ಕೆ ದಾರಿ ತೋರುವ ರೂಟ್ ಇಲ್ಲದಿರುವುದೊಂದೇ ಆಗ ಉಳಿಯುವ ತಡೆ.

ಸರಾಸರಿಯ ಲೆಕ್ಕಕ್ಕೂ ಬ್ರೌಸರಿನ ಕೋರಿಕೆಗೂ ಸಂಬಂಧವೇ ಇಲ್ಲ. ಅಂಕಗಳನ್ನು ಪಡೆದು ಸರಾಸರಿಯನ್ನು ಹಿಂದಿರುಗಿಸುವ ಸಾಮಾನ್ಯ ರೂಬಿ ಕ್ಲಾಸ್ ಸಾಕು. ಅದನ್ನು ಕಂಟ್ರೋಲರಿನ ಹಂಗಿಲ್ಲದೆ ಪರೀಕ್ಷಿಸಬಹುದು. ಬಳಕೆದಾರರ ಭಾಷೆಯನ್ನು ಕೋರಿಕೆಯಿಂದ ಗುರುತಿಸುವುದು, ಫಲಿತಾಂಶವನ್ನು ಪುಟಪುಟವಾಗಿ ಒಡೆಯಲು ಪುಟಸಂಖ್ಯೆಯನ್ನು ಓದಿಕೊಳ್ಳುವುದು ಇಂಥವು ಮಾತ್ರ ಕನ್ಸರ್ನ್ ಆಗಲು ಯೋಗ್ಯ. ಕ್ರಿಯೆಗೆ ಮುನ್ನ ನಡೆಯಬೇಕಾದ ತಪಾಸಣೆಯನ್ನೂ ಅದಕ್ಕೆ ಬೇಕಾದ ಮೆಥಡುಗಳನ್ನೂ ಒಂದೇ ಕಡತದಲ್ಲಿಡಲು ಅವಕಾಶವಿರುವುದು ಈ ವ್ಯವಸ್ಥೆಯ ನಿಜವಾದ ಗುಣ.

ರೈಲ್ಸ್ ತಾನೇ ಮಾಡ್ಯೂಲುಗಳ ಮೇಲೆ ನಿಂತಿದೆ ಎಂಬ ಮಾತನ್ನೂ ಹೇಳಬೇಕು. ರೈಲ್ಸ್ ಕನ್ಸೋಲಿನಲ್ಲಿ ಯಾವುದೇ ಕಂಟ್ರೋಲರಿನ ಹೆಸರಿನ ಮುಂದೆ ಚುಕ್ಕಿಯಿಟ್ಟು ‘ಆನ್ಸೆಸ್ಟರ್ಸ್’ ಎಂಬ ಮೆಥಡನ್ನು ಕರೆದರೆ, ಮೆಥಡುಗಳನ್ನು ಹುಡುಕುವ ಕ್ರಮ ಪಟ್ಟಿಯಾಗಿ ಬರುತ್ತದೆ. ನಾವು ಏನನ್ನೂ ಬೆರೆಸದಿದ್ದರೂ ಅದರಲ್ಲಿ ಹತ್ತಾರು ಹೆಸರುಗಳಿರುತ್ತವೆ. ನಮ್ಮ ಮಾಡ್ಯೂಲುಗಳು ಸೇರುವುದು ಆ ಸಾಲಿಗೇ. ವಿದ್ಯಾರ್ಥಿಗಳು ಒಂದು ಮಾಡ್ಯೂಲನ್ನು ಸೇರಿಸುವ ಮೊದಲೂ ಅನಂತರವೂ ಈ ಪಟ್ಟಿಯನ್ನು ಮುದ್ರಿಸಿ ಹೋಲಿಸಿ ನೋಡಬಹುದು.