ನೀನು, ನೀವು ಮತ್ತು ಸಬ್‌ಟೈಟಲ್

ಶನಿವಾರ ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿಳಿದು, ಅಲ್ಲಿಂದ ನ್ಯೂ ಮರೀನ್ ಲೈನ್ಸ್‌ನ ಥಿಯಾಸಫಿ ಹಾಲ್‌ವರೆಗೆ ನಡೆಯುವುದು ಎರಡು ವರ್ಷ ನನಗೆ ರೂಢಿಯಾಗಿತ್ತು. ಬಾಂಬೆಯ ಅಲಿಯಾನ್ಸ್ ಫ್ರಾಂಸೇಸ್ ಇರುವುದು ಅಲ್ಲಿ. ತರಗತಿಯಲ್ಲಿ ನನ್ನ ಜೊತೆಗಿದ್ದವರಲ್ಲಿ ಹಲವರ ಕಣ್ಣು ಕೆನಡಾದ ಮೇಲೆ. ಅಲ್ಲಿನ ವಲಸೆ ಅರ್ಜಿಯಲ್ಲಿ ಫ್ರೆಂಚ್ ಬಲ್ಲವರಿಗೆ ಹೆಚ್ಚುವರಿ ಅಂಕಗಳುಂಟು. ಹಾಗಾಗಿ ಪರಿಚಯವಾದೊಡನೆ ಬರುತ್ತಿದ್ದ ಪ್ರಶ್ನೆ, "ನಿಮಗೆಷ್ಟು ಪಾಯಿಂಟ್ ಬೇಕು?" ನನಗೆ ಪಾಯಿಂಟ್ ಬೇಡ, ಫ್ರೆಂಚ್ ಸಿನಿಮಾ ನೋಡಲಿಕ್ಕೆ ಕಲಿಯುತ್ತಿದ್ದೇನೆ ಅಂದರೆ ನಗುತ್ತಿದ್ದರು. "ಅದಕ್ಕೆ ಸಬ್‌ಟೈಟಲ್ ಇದೆಯಲ್ಲ ಸರ್!"

ಮಾತು ನ್ಯಾಯವಾದದ್ದೇ. ಆಗ ನನಗೆ ಉತ್ತರ ಹೊಳೆದಿರಲಿಲ್ಲ. ಈಗ ಕೊಡಲು ನೋಡುತ್ತೇನೆ.

ಮುಂಬಯಿಗೂ ಫ್ರೆಂಚ್ ಸಿನಿಮಾಕ್ಕೂ ಹಳೆಯ ನಂಟು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಿತ್ರಗಳು ಇಲ್ಲಿನ ವಾಟ್ಸನ್ ಹೋಟೆಲಿನಲ್ಲಿ ತೆರೆ ಕಂಡವು. ಕಾಲಾ ಘೋಡಾದಲ್ಲಿ ಆ ಕಟ್ಟಡ ಈಗಲೂ ಜೀರ್ಣಾವಸ್ಥೆಯಲ್ಲಿ ನಿಂತಿದೆ. ಅಂದು ಭಾಷೆಯ ತಕರಾರಿರಲಿಲ್ಲ, ಚಿತ್ರಗಳು ಮೂಕವಾಗಿದ್ದವು. ಪಾತ್ರಗಳು ಬಾಯಿಬಿಟ್ಟ ಮೇಲೆ ಸಬ್‌ಟೈಟಲ್ ಬೇಕಾಯಿತು, ಅದು ನಮ್ಮ ಪಾಲಿಗೆ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಬಂತು.

ತಾಪತ್ರಯ ಹೆಸರಿನಿಂದಲೇ ಶುರು. ತ್ರುಫೋನ 1959ರ ಚಿತ್ರವನ್ನು ಇಂಗ್ಲಿಷಿನಲ್ಲಿ 'ದ ಫೋರ್ ಹಂಡ್ರೆಡ್ ಬ್ಲೋಸ್' ಅನ್ನುತ್ತಾರೆ. ನಾನೂ ಕಾಲೇಜಿನಲ್ಲಿದ್ದಾಗ ಆ ಹುಡುಗ ಯಾವಾಗ ಪೆಟ್ಟು ತಿನ್ನುತ್ತಾನೆ ಎಂದು ಕಾಯುತ್ತಾ ನೋಡಿದ್ದೆ. ಫ್ರೆಂಚಿನಲ್ಲಿ 'ನಾನೂರು ಪೆಟ್ಟು ಮಾಡುವುದು' ಅಂದರೆ ಮಾಡಬಾರದ ಪುಂಡಾಟವನ್ನೆಲ್ಲ ಮಾಡುವುದು. ಹೆಸರಿನ ಅರ್ಥ ಗೊತ್ತಾದ ಮೇಲೆ ಚಿತ್ರವೇ ಬದಲಾಯಿತು. ಅಂತ್ವಾನ್ ಏಟು ತಿನ್ನುವವನಲ್ಲ, ಕಿಡಿಗೇಡಿ ಎಂದು ಊರವರ ಬಾಯಲ್ಲಿ ಹೆಸರು ಪಡೆದವನು. ಆ ಹೆಸರು ನ್ಯಾಯವೇ ಎಂಬುದು ಚಿತ್ರದ ಪ್ರಶ್ನೆ. ಅದರಲ್ಲೇ ಒಂದು ಇಂಗ್ಲಿಷ್ ಪಾಠದ ದೃಶ್ಯವಿದೆ. 'ವೇರ್ ಈಸ್ ದ ಫಾದರ್' ಎಂದು ಹೇಳಿಸಲು ಮೇಷ್ಟ್ರು ಒದ್ದಾಡುತ್ತಾರೆ, ಹುಡುಗರ ನಾಲಿಗೆ ಹೊರಳುವುದಿಲ್ಲ. ನಾವು ನಗುತ್ತೇವೆ. ಅಂತ್ವಾನ್‌ಗೆ ಮನೆಯಲ್ಲಿರುವ ತಂದೆ ಸ್ವಂತ ತಂದೆಯಲ್ಲ ಎಂದು ತಿಳಿದವರಿಗೆ ಮಾತ್ರ ಆ ನಗು ಗಂಟಲಲ್ಲಿ ನಿಲ್ಲುತ್ತದೆ.

ಗೊದಾರ್‌ನ 'ಆ ಬು ದ ಸೂಫ್ಲ್' (1960) ಮುಗಿಯುವುದು ಭಾಷೆ ಕಲಿಯುವವಳೊಬ್ಬಳ ಪ್ರಶ್ನೆಯಿಂದ. ಪಾರಿಸ್ಸಿನ ಬೀದಿಯಲ್ಲಿ ಪತ್ರಿಕೆ ಮಾರುವ ಅಮೆರಿಕನ್ ಹುಡುಗಿ ಪಟ್ರೀಷಿಯಾಗೆ ಫ್ರೆಂಚ್ ಬರುತ್ತದೆ, ಪೂರ್ತಿ ಬರುವುದಿಲ್ಲ. ಗುಂಡೇಟು ತಿಂದ ಮಿಶೆಲ್ ಸಾಯುವಾಗ 'ದೆಗ್ಯೊಲಾಸ್' ಎಂಬ ಪದ ಬಳಸುತ್ತಾನೆ: ಅಸಹ್ಯ, ಹೇಸಿಗೆ. ಅವನು ಯಾರನ್ನು ಹಾಗೆಂದ, ಅವಳನ್ನೋ, ಬದುಕನ್ನೋ, ತನ್ನನ್ನೇಯೋ, ಸ್ಪಷ್ಟವಿಲ್ಲ. ಪೊಲೀಸನು 'ನಿನ್ನನ್ನೇ ಅಂದ' ಎಂದು ಅವಳಿಗೆ ದಾಟಿಸುತ್ತಾನೆ. ಅವಳು ಆ ಪದದ ಅರ್ಥ ಕೇಳುತ್ತಾಳೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಮೊದಲ ಸಲ ನೋಡಿದಾಗ ನಾನು ಅದನ್ನು ಅವಳ ಕಲ್ಲುಹೃದಯ ಎಂದುಕೊಂಡಿದ್ದೆ. ಕಲಿಕೆಯ ಮಧ್ಯದಲ್ಲಿದ್ದಾಗ ಮತ್ತೆ ನೋಡಿದೆ. ಮುಖ್ಯವಾದ ಮಾತು ಬರುವ ಹೊತ್ತಿಗೇ ಶಬ್ದಕೋಶ ಕೈಕೊಡುವ ಸಂಕಟ ಅದು ಎಂದು ಆಗ ಅನಿಸಿತು.

ಇನ್ನು 'ತ್ಯು' ಮತ್ತು 'ವೂ'. ನಮ್ಮ ನೀನು, ನೀವು. ತರಗತಿಯ ಮೊದಲ ತಿಂಗಳಲ್ಲಿ ಇದನ್ನು ವಿವರಿಸುವಾಗ ಇಂಗ್ಲಿಷಿನಲ್ಲೇ ಯೋಚಿಸುವವರು ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ಅದು ಮನೆಯ ಅಂಗಳದಲ್ಲಿ ಕಲಿತ ವಿದ್ಯೆ. ಅಮ್ಮನಿಗೆ 'ನೀನು', ಅಪ್ಪಯ್ಯನಿಗೆ 'ನೀವು' ಎನ್ನುತ್ತಾ ಬೆಳೆದವನು ನಾನು. ಮೇಜು ಹೆಣ್ಣು, ಪುಸ್ತಕ ಗಂಡು ಎಂಬ ಫ್ರೆಂಚ್ ಲಿಂಗವಿಚಾರದಲ್ಲಿ ಮಾತ್ರ ನಾನು ದಡ್ಡ. 'ಟ್ರೇನ್ ಆಯಾ' ಎಂದು ಪ್ಲಾಟ್‌ಫಾರ್ಮಿನಲ್ಲಿ ನಗೆಗೀಡಾದ ಕನ್ನಡಿಗರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಏಕವಚನ ಬಹುವಚನಗಳ ಈ ಅರಿವು ಇಟ್ಟುಕೊಂಡು ನೋಡಬೇಕಾದ ಚಿತ್ರ ಲೊರಾಂ ಕಾಂತೆಯ 'ಆಂತ್ರ್ ಲೆ ಮ್ಯೂರ್'. 2008ರಲ್ಲಿ ಕಾನ್ ಉತ್ಸವದ ಪಾಮ್ ದೋರ್ ಪಡೆದ ಚಿತ್ರ. ಹೆಸರಿನ ಅರ್ಥ 'ಗೋಡೆಗಳ ನಡುವೆ'. ಇಂಗ್ಲಿಷಿನಲ್ಲಿ 'ದ ಕ್ಲಾಸ್' ಆಗಿ ಗೋಡೆಗಳೇ ಮಾಯವಾದವು. ಶಿಕ್ಷಕನಾಗಿದ್ದ ಫ್ರಾಂಸ್ವಾ ಬೆಗೊಡೊ ತನ್ನದೇ ಕಾದಂಬರಿ ಆಧರಿಸಿದ ಈ ಚಿತ್ರದಲ್ಲಿ ತಾನೇ ಮೇಷ್ಟ್ರಾಗಿ ನಟಿಸಿದ್ದಾನೆ. ಮಕ್ಕಳು ಪಾರಿಸ್ಸಿನ ಶಾಲೆಯೊಂದರ ನಿಜವಾದ ವಿದ್ಯಾರ್ಥಿಗಳು. ಅನೇಕರು ವಲಸೆ ಕುಟುಂಬದವರು. ಪಾಠ ಫ್ರೆಂಚ್ ಭಾಷೆಯದೇ.

ಮೇಷ್ಟ್ರು ಒಂದು ಗ್ರಾಂಥಿಕ ಕ್ರಿಯಾರೂಪ ಕಲಿಸುತ್ತಾನೆ. ಯಾರು ಸ್ವಾಮಿ ಹೀಗೆ ಮಾತಾಡುವವರು ಎಂದು ಮಕ್ಕಳು ತಿರುಗಿಬೀಳುತ್ತಾರೆ. ಉದಾಹರಣೆ ವಾಕ್ಯಗಳಲ್ಲಿ ಯಾವಾಗಲೂ 'ಬಿಲ್' ಯಾಕೆ, ನಮ್ಮಂಥವರ ಹೆಸರು ಯಾಕಿಲ್ಲ ಎಂದು ಕೇಳುತ್ತಾರೆ. ಕುಂದಾಪುರ ಕಡೆಯ ಶಾಲೆಯಲ್ಲಿ ಮನೆಮಾತನ್ನು ಹೊರಗೆ ಬಿಟ್ಟು ಪುಸ್ತಕದ ಕನ್ನಡದಲ್ಲಿ ಉತ್ತರ ಹೇಳಬೇಕಿದ್ದ ನನಗೆ ಈ ಜಗಳ ಹೊಸದಲ್ಲ.

ಚಿತ್ರದ ತಿರುವು ಬರುವುದೂ ಒಂದು ಪದದಿಂದ. ಶಿಕ್ಷಕರ ಸಭೆಯಲ್ಲಿ ಇಬ್ಬರು ಹುಡುಗಿಯರು ವರ್ತಿಸಿದ ರೀತಿಯನ್ನು ಮೇಷ್ಟ್ರು ಆಮೇಲೆ 'ಪೆತಾಸ್' ಎಂಬ ಪದದಿಂದ ಬಣ್ಣಿಸುತ್ತಾನೆ. ಅವನ ಪ್ರಕಾರ ಅದು ಕಿಸಿಕಿಸಿ ನಗುವ ಮಂಕುಗಳಿಗೆ ಹೇಳುವ ಮಾತು. ಹುಡುಗಿಯರ ಪ್ರಕಾರ ಸೂಳೆ ಎಂಬ ಬೈಗುಳ. ಅವನು ವಿವರಣೆ ಕೊಟ್ಟಷ್ಟೂ ಕೆಡುತ್ತದೆ. ಮಾಲಿ ಮೂಲದ ಹುಡುಗ ಸುಲೇಮಾನ್ ಸಿಟ್ಟಿನಲ್ಲಿ ಮೇಷ್ಟ್ರಿಗೆ 'ತ್ಯು' ಅಂದುಬಿಡುತ್ತಾನೆ. ಫ್ರೆಂಚಿನಲ್ಲಿ ಹಾಗೆ ಕರೆಯುವುದಕ್ಕೇ ಒಂದು ಕ್ರಿಯಾಪದವಿದೆ. ಇಂಗ್ಲಿಷಿಗೆ ಅದು ಒಗ್ಗುವುದಿಲ್ಲ, ಎರಡೂ 'ಯೂ'. ಕನ್ನಡಕ್ಕೆ ತಡವರಿಸಬೇಕಿಲ್ಲ: ಹುಡುಗ ಏಕವಚನಕ್ಕೆ ಇಳಿದ. ಮೇಷ್ಟ್ರು ಎಲ್ಲ ಮಕ್ಕಳನ್ನೂ ದಿನವಿಡೀ ಏಕವಚನದಲ್ಲೇ ಕರೆಯುತ್ತಾನೆ ಎಂಬುದೂ ಕನ್ನಡದ ಕಿವಿಗೆ ಕೇಳುತ್ತದೆ. ಒಬ್ಬರಿಗೆ ಅಧಿಕಾರವಾದದ್ದು ಇನ್ನೊಬ್ಬರಿಗೆ ಅಪರಾಧ.

ವಿಚಾರಣೆಯ ದಿನ ಸುಲೇಮಾನನ ತಾಯಿ ಬರುತ್ತಾಳೆ. ಆಕೆಗೆ ಫ್ರೆಂಚ್ ಬಾರದು. ನನ್ನ ಮಗ ಒಳ್ಳೆಯವನು, ಮನೆಗೆಲಸಕ್ಕೆ ನೆರವಾಗುತ್ತಾನೆ ಎಂದು ತನ್ನ ಭಾಷೆಯಲ್ಲಿ ಹೇಳುತ್ತಾಳೆ. ಅದನ್ನು ಅನುವಾದಿಸಬೇಕಾದವನು ಅದೇ ಮಗ. ತನ್ನ ಹೊಗಳಿಕೆಯನ್ನು ತಾನೇ, ತನ್ನನ್ನು ಹೊರಹಾಕಲು ಕುಳಿತವರ ಮುಂದೆ. ಕೊನೆಗೆ ಹುಡುಗ ಶಾಲೆಯಿಂದ ಹೊರಹೋಗುತ್ತಾನೆ, ಆ ಪದ ಆಡಿದ ಮೇಷ್ಟ್ರು ಉಳಿಯುತ್ತಾನೆ.

ಚಿತ್ರದ ಮೇಲೆ ನನ್ನದೊಂದು ಆಕ್ಷೇಪವಿದೆ. ಕ್ಯಾಮೆರಾ ಗೋಡೆ ದಾಟುವುದಿಲ್ಲ ಎಂಬ ನಿಷ್ಠೆ ಸರಿ, ಆದರೆ ಅದರಿಂದ ಮೇಷ್ಟ್ರಿಗೆ ಲಾಭ. ಅವನ ದಣಿವು, ಪೇಚಾಟ, ಸ್ಟಾಫ್ ರೂಮಿನ ಕಾಫಿ ನಮಗೆ ಗೊತ್ತಾಗುತ್ತದೆ. ಸುಲೇಮಾನ್ ಆ ಸಂಜೆ ಯಾವ ಮನೆಗೆ ಹೋದ, ತಾಯಿ ಅವನಿಗೆ ಏನೆಂದಳು, ಗೊತ್ತಾಗುವುದಿಲ್ಲ. ಆದರೂ ವರ್ಷಾಂತ್ಯದಲ್ಲಿ ಒಬ್ಬ ಹುಡುಗಿ ಮೆಲ್ಲಗೆ ಬಂದು ತಾನು ಏನೂ ಕಲಿಯಲಿಲ್ಲ ಎಂದಾಗ ಮೇಷ್ಟ್ರ ಬಳಿ ಉತ್ತರವಿಲ್ಲದ ಹಾಗೆ ಬಿಟ್ಟದ್ದು ಕಾಂತೆಯ ಪ್ರಾಮಾಣಿಕತೆ.

ತಾಯಿಯ ಆ ದೃಶ್ಯವನ್ನು ನಾನು ಸಬ್‌ಟೈಟಲ್ ಇಲ್ಲದೆ ನೋಡಿದ್ದು ಕಳೆದ ಮಳೆಗಾಲದಲ್ಲಿ. ಅದಕ್ಕೂ ಎರಡು ವಾರ ಮೊದಲು ಅಮ್ಮನನ್ನು ಇಲ್ಲಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ತೂಕ ಯಾಕಿಷ್ಟು ಇಳಿದಿದೆ ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಅಮ್ಮ ನನ್ನತ್ತ ತಿರುಗಿ, "ಒಬ್ಳೇ ಇಪ್ಪುದಲ್ದಾ ಮಗಾ, ಉಂಬುಕೆ ಮನ್ಸೇ ಬತ್ತಿಲ್ಲ" ಅಂದಳು. ನಾನು ಡಾಕ್ಟರಿಗೆ "ಭೂಕ್ ನಹೀ ಲಗ್ತೀ" ಎಂದೆ. ಅವರು ಹಸಿವಿಲ್ಲ ಎಂದು ಬರೆದುಕೊಂಡರು, ಒಂದು ಟಾನಿಕ್ ಕೊಟ್ಟರು. ಅಮ್ಮ ಹೇಳಿದ್ದು ಹಸಿವಿನ ಮಾತಲ್ಲ. ನನಗೆ ತಿಳಿದಿತ್ತು. ಪೂರ್ತಿ ದಾಟಿಸಿದ್ದರೆ ಒಬ್ಬಳೇ ಯಾಕಿದ್ದಾಳೆ ಎಂಬ ಮುಂದಿನ ಪ್ರಶ್ನೆಗೆ ಉತ್ತರಿಸಬೇಕಾದವನು ನಾನು.

ಹಾಗಾಗಿ ಸಬ್‌ಟೈಟಲ್ ಬರೆಯುವವರನ್ನು ಈಗ ನಾನು ಬೈಯುವುದಿಲ್ಲ. ಎರಡು ಸಾಲಿನ ಜಾಗದಲ್ಲಿ ಏನನ್ನಾದರೂ ಬಿಡಲೇಬೇಕು. ಬಿಟ್ಟದ್ದು ಏನು ಎಂದು ತಿಳಿಯುವುದಕ್ಕೆ ಭಾಷೆ ಕಲಿಯಬೇಕು, ಅಷ್ಟೆ. ಪಾಯಿಂಟಿಗಾಗಿ ಕಲಿಯುವವರನ್ನೂ ಹಗುರವಾಗಿ ಕಾಣಲಾರೆ. ಹಗಲು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತು ಇಂಗ್ಲಿಷ್ ಕಲಿತ ನನ್ನ ಮಾವನೂ ಹೊಟ್ಟೆಪಾಡಿಗೇ ಕಲಿತದ್ದು. ಆಮೇಲೆ ಆ ಇಂಗ್ಲಿಷಿನಲ್ಲಿ ಕಾದಂಬರಿಗಳನ್ನೂ ಓದಿದರು.

'ಆಂತ್ರ್ ಲೆ ಮ್ಯೂರ್' ಸಿಕ್ಕರೆ ಎರಡು ಸಲ ನೋಡಿ. ಮೊದಲು ಸಬ್‌ಟೈಟಲ್ ಓದುತ್ತಾ, ಆಮೇಲೆ ಯಾರು ಯಾರಿಗೆ 'ತ್ಯು' ಅನ್ನುತ್ತಾರೆ, ಯಾರು 'ವೂ' ಅನ್ನುತ್ತಾರೆ ಎಂದಷ್ಟೇ ಕೇಳುತ್ತಾ. ಅಷ್ಟು ಫ್ರೆಂಚ್ ಒಂದು ಸಂಜೆಯಲ್ಲಿ ಬರುತ್ತದೆ. ಮುಂದಿನ ವಾರ ಅಮ್ಮನ ಮರುತಪಾಸಣೆ ಇದೆ. ಈ ಸಲ ಅವಳು ಹೇಳಿದ್ದನ್ನು ಹೇಳಿದಂತೆಯೇ ದಾಟಿಸಬೇಕು.