ಕಿಟ್ಟೆಲ್ ನಿಘಂಟು: ನಿಧಾನದ ಬೆಲೆ

ನಿಘಂಟನ್ನು ಯಾರೂ ಪರೀಕ್ಷಿಸಿ ಓದುವುದಿಲ್ಲ. ಬೇಕಾದಾಗ ತೆರೆದು, ಕಂಡುದನ್ನು ನಂಬಿ ಮುಚ್ಚಿಡುತ್ತಾರೆ. ಕಾವ್ಯದಲ್ಲಿ ದೋಷವಿದ್ದರೆ ಸಹೃದಯನು ಕಂಡುಕೊಳ್ಳಬಲ್ಲನು. ನಿಘಂಟಿನ ದೋಷವಾದರೋ ಅದನ್ನು ಆಶ್ರಯಿಸಿದವನ ಬರೆವಣಿಗೆಯಲ್ಲಿ ಮತ್ತೆ ಹುಟ್ಟುತ್ತದೆ. ಕೆಲಸವು ಬೇಗ ಮುಗಿಯಬೇಕೋ ನೆಟ್ಟಗೆ ಆಗಬೇಕೋ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಇನ್ನೊಂದಿಲ್ಲ.

ಫರ್ಡಿನಂಡ್ ಕಿಟ್ಟೆಲರು ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿ 1853ರಲ್ಲಿ ನಮ್ಮ ದೇಶಕ್ಕೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದುದು 1894ರಲ್ಲಿ. ನಡುವೆ ನಾಲ್ವತ್ತೊಂದು ವರ್ಷಗಳು ಕಳೆದಿದ್ದುವು. ಆ ಅವಧಿಯಲ್ಲಿ ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿದರು. ವ್ಯಾಕರಣ ಛಂದಸ್ಸುಗಳ ತಳಹದಿಯನ್ನು ಕಟ್ಟಿಕೊಂಡು ಶಬ್ದಕೋಶದ ಗೋಡೆಯನ್ನೆಬ್ಬಿಸಿದರೆಂದು ಹೇಳಬಹುದು. 1832ರ ರೀವರ ನಿಘಂಟು ಆ ಮೊದಲೇ ಇದ್ದು ಜನರಿಗೆ ಉಪಕಾರ ಮಾಡಿತ್ತೆಂಬುದನ್ನು ಮರೆಯಲಾಗದು. ಆದರೆ ಅದು ಇದ್ದುದರಿಂದ ಇದು ಬೇಡವಾಗಲಿಲ್ಲ.

ಈ ಗ್ರಂಥದ ಹಿರಿಮೆ ಅದರ ಗಾತ್ರದಲ್ಲಿಲ್ಲ. ಶಬ್ದವನ್ನು ಎಲ್ಲಿಂದ ತಂದೆನೆಂದು ಹೇಳುವ ಪ್ರಾಮಾಣಿಕತೆಯಲ್ಲಿದೆ. ಇದು ಸಂಸ್ಕೃತ, ಇದು ತದ್ಭವ, ಇದು ಮರಾಠಿಯಿಂದ ಬಂದುದು, ಇದು ಮೈಸೂರು ಸೀಮೆಯ ಬಳಕೆ ಎಂಬ ಗುರುತುಗಳು ಪುಟಪುಟದಲ್ಲಿಯೂ ಕಾಣುತ್ತವೆ. ಕಾವ್ಯಗಳ ಜತೆಗೆ ಗಾದೆಗಳೂ ಆಧಾರವಾಗಿವೆ. ಬಳಕೆಯಿಂದ ಬಿದ್ದುಹೋದ ಱಕಾರ ೞಕಾರಗಳನ್ನು ಅವರು ಕೈಬಿಡಲಿಲ್ಲ. ಇಂದು ನಾವು 'ಬಾಳು' ಎಂದು ಒಂದೇ ಬಗೆಯಾಗಿ ಬರೆಯುವ ಮಾತಿನಲ್ಲಿ ಎರಡು ಶಬ್ದಗಳು ಅಡಗಿವೆ: ಕತ್ತಿಯೆಂಬ ಅರ್ಥದ್ದು 'ಬಾಳ್', ಜೀವಿಸುವುದೆಂಬ ಅರ್ಥದ್ದು 'ಬಾೞ್'. ಅವಸರದ ಕೈಗೆ ಇವೆರಡೂ ಒಂದೇ. ಬೇರ್ಪಡಿಸಲು ಹಳಗನ್ನಡದ ತಿಳಿವೂ ತಾಳ್ಮೆಯೂ ಬೇಕು.

ಕೊರತೆಗಳಿಲ್ಲವೆಂದಲ್ಲ. ರೈಸರು ಪಂಪಭಾರತವನ್ನು ಪ್ರಕಟಿಸಿದುದು 1898ರಲ್ಲಿ, ವಡ್ಡಾರಾಧನೆಯು ಡಿ. ಎಲ್. ನರಸಿಂಹಾಚಾರ್ಯರಿಂದ ಸಂಪಾದಿತವಾಗಿ ಬೆಳಕಿಗೆ ಬಂದುದು 1949ರಲ್ಲಿ. ಇಂಥ ಅಚ್ಚಿನ ಆಕರಗಳು ಕಿಟ್ಟೆಲರಿಗೆ ದೊರೆಯುವಂತಿರಲಿಲ್ಲ. ಸಂಸ್ಕೃತಕ್ಕೆ ದ್ರಾವಿಡದಿಂದ ಹೋದುವೆಂದು ಪೀಠಿಕೆಯಲ್ಲಿ ಅವರು ಪಟ್ಟಿಮಾಡಿದ ಶಬ್ದಗಳೆಲ್ಲವನ್ನೂ ಅನಂತರದ ವಿದ್ವಾಂಸರು ಒಪ್ಪಲಿಲ್ಲ. ಆದರೆ ಕೊರತೆಗೂ ಕೇಡಿಗೂ ಅಂತರವುಂಟು. ಆಧಾರವನ್ನು ತೋರಿಸಿ ಮಾಡಿದ ಕೆಲಸದಲ್ಲಿ ಎಲ್ಲಿ ಬರಿದಾಗಿದೆಯೆಂದು ಹಿಂದೆ ಬಂದವನಿಗೆ ತಿಳಿಯುತ್ತದೆ, ಅವನು ತುಂಬುತ್ತಾನೆ. ಆಧಾರವನ್ನು ಮುಚ್ಚಿ ಅವಸರದಿಂದ ಮುಗಿಸಿದ ಕೆಲಸವನ್ನು ಮಾತ್ರ ಪೂರ್ತಿಯಾಗಿ ಕೆಡವಿ ಕಟ್ಟಬೇಕು. ಎಂ. ಮರಿಯಪ್ಪ ಭಟ್ಟರು ಕಿಟ್ಟೆಲರ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾನಿಲಯವು ಅದನ್ನು 1968ರಿಂದ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಮುಕ್ಕಾಲು ಶತಮಾನದ ಮೇಲೂ ಹಳೆಯ ಗೋಡೆಯ ಮೇಲೆಯೇ ಹೊಸ ಅಂತಸ್ತನ್ನು ಏರಿಸಲು ಸಾಧ್ಯವಾಯಿತು!

ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿಯೂ ಎಂಟನೆಯದು 1995ರಲ್ಲಿಯೂ ಹೊರಬಂದುವು. ಎಷ್ಟು ತಡವೆಂದು ಆಕ್ಷೇಪಿಸಿದವರ ಅಸಮಾಧಾನ ಸಹಜವೇ. ಕಾದವರಿಗೆ ಕಷ್ಟವಾದುದು ನಿಜ. ಆದರೆ ಇಂದು ಅದನ್ನು ಬಿಡಿಸಿ ನೋಡುವವನು ಎಷ್ಟು ದಿನ ಹಿಡಿಯಿತೆಂದು ಕೇಳುವುದಿಲ್ಲ, ಈ ಅರ್ಥವನ್ನು ನಂಬಬಹುದೇ ಎಂದು ಕೇಳುತ್ತಾನೆ. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಅರ್ಥಗಳನ್ನು ಎತ್ತಿ ಬರೆದು ವರ್ಷದೊಳಗೆ ಕೋಶವನ್ನು ಸಿದ್ಧಪಡಿಸುವವರು ಆ ಪ್ರಶ್ನೆಗೆ ಉತ್ತರವನ್ನು ಮೊದಲು ಯೋಚಿಸಿಕೊಳ್ಳುವುದು ಲೇಸು.