ವಾಲ್ಪೊಲ ರಾಹುಲರು ಕಾಣಿಸಿದ ಬುದ್ಧ

ಬೌದ್ಧರಲ್ಲದವರಿಗೆ ಬುದ್ಧನನ್ನು ಸರಳವಾಗಿ ಪರಿಚಯಿಸುವವರು ಬಹುಪಾಲು ‘ಆಸೆಯೇ ದುಃಖಕ್ಕೆ ಮೂಲ’ ಎಂಬಲ್ಲಿಂದ ಹೊರಡುತ್ತಾರೆ. ಕೇಳಿದವರು ತಲೆದೂಗುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಶ್ರೀಲಂಕಾದ ಭಿಕ್ಷು ವಾಲ್ಪೊಲ ರಾಹುಲರು ಪ್ಯಾರಿಸ್‌ನಲ್ಲಿದ್ದ ಕಾಲದಲ್ಲಿ ಇಂಗ್ಲಿಷಿನಲ್ಲಿ ಬರೆದ, 1959ರಲ್ಲಿ ಹೊರಬಂದ ‘ವಾಟ್ ದ ಬುದ್ಧ ಟಾಟ್’ ಬೇರೆ ಕಡೆಯಿಂದ ಶುರುವಾಗುತ್ತದೆ. ಚತುರಾರ್ಯ ಸತ್ಯಗಳಿಗೂ ಮುಂಚೆ ಅವರು ಓದುಗನಿಗೆ ಸಂಶಯಪಡುವ ಹಕ್ಕನ್ನು ಕೊಡುತ್ತಾರೆ.

ಬಂದುಹೋದ ಗುರುಗಳೆಲ್ಲ ಒಬ್ಬರನ್ನೊಬ್ಬರು ಹಳಿದದ್ದನ್ನು ಕೇಳಿ ಗೊಂದಲಕ್ಕೆ ಬಿದ್ದ ಕಾಲಾಮರೆಂಬ ಜನರಿಗೆ, ನಿಮಗೆ ಸಂಶಯ ಬಂದದ್ದು ಸರಿಯೇ ಎಂದು ಬುದ್ಧ ಹೇಳಿದ ಪ್ರಸಂಗ ಇಲ್ಲಿದೆ. ಉಪಾಲಿಯ ಕತೆಯೂ ಇದೆ. ಮಹಾವೀರನ ಅನುಯಾಯಿಯಾದ ಈತ ವಾದಿಸಲು ಬಂದು ಬುದ್ಧನಿಗೆ ಒಲಿದವನು. ಅವಸರಪಡಬೇಡ, ಹಳೆಯ ಗುರುಗಳಿಗೆ ಕೊಡುತ್ತಿದ್ದ ಭಿಕ್ಷೆಯನ್ನು ನಿಲ್ಲಿಸಬೇಡ ಎಂದು ಬುದ್ಧ ಅವನಿಗೆ ಹೇಳುತ್ತಾನೆ. ಬೇರೆ ನಂಬಿಕೆಯ ಓದುಗನನ್ನು ಇಷ್ಟು ಗೌರವದಿಂದ ಒಳಗೆ ಕರೆಯುವ ಆರಂಭವನ್ನು ನಾನು ಮತ್ತೊಂದು ಪರಿಚಯ ಗ್ರಂಥದಲ್ಲಿ ಕಂಡಿಲ್ಲ.

ಪುಸ್ತಕದ ನಿಜವಾದ ಸತ್ವ ಅನಾತ್ಮದ ಅಧ್ಯಾಯದಲ್ಲಿದೆ. ಎಲ್ಲ ಧರ್ಮಗಳ ಸಾರವೂ ಒಂದೇ ಎಂದು ಸ್ನೇಹಿತರನ್ನು ಸಮಾಧಾನಪಡಿಸುವುದು ನಮ್ಮಲ್ಲಿ ರೂಢಿ. ರಾಹುಲರು ಆ ರಿಯಾಯಿತಿ ಕೊಡುವುದಿಲ್ಲ. ಮನುಷ್ಯನೆಂದರೆ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳಷ್ಟೇ ಎಂದು ಮೊದಲೇ ಒಂದೊಂದಾಗಿ ಬಿಡಿಸಿ ತೋರಿಸಿದ್ದ ಅವರು, ಇವುಗಳ ಹಿಂದೆ ಕೂತ ಆತ್ಮವೆಂಬುದು ಇಲ್ಲವೆನ್ನುತ್ತಾರೆ. ಬುದ್ಧನ ಬಾಯಿಂದ ಆತ್ಮವನ್ನು ಹೇಳಿಸಲು ನೋಡಿದ ವಿದ್ವಾಂಸರೊಡನೆ ಪಟ್ಟುಬಿಡದೆ ವಾದಿಸುತ್ತಾರೆ. ಗೀತೆ, ವಚನ, ದಾಸರ ಪದ ಕೇಳುತ್ತ ಬೆಳೆದ ಕನ್ನಡದ ಓದುಗನಿಗೆ ಈ ಪುಟಗಳು ಕಸಿವಿಸಿ ತರುತ್ತವೆ. ತರಬೇಕು. ಅದನ್ನು ತಪ್ಪಿಸಿ ಹೇಳಿದ ಬೌದ್ಧಧರ್ಮ ಬರೀ ಸದ್ಬುದ್ಧಿಯ ಮಾತಾಗಿ ಉಳಿಯುತ್ತದೆ.

ಆದರೆ ಈ ಬುದ್ಧನ ಸುತ್ತ ಜನರು ಕಡಿಮೆ. ಬೌದ್ಧ ನಾಡುಗಳ ಆಚರಣೆಗಳು ಸುಂದರವೇ, ಆದರೆ ನಿಜವಾದ ಮಾರ್ಗಕ್ಕೂ ಅವಕ್ಕೂ ಅಷ್ಟು ಸಂಬಂಧವಿಲ್ಲ ಎಂದು ರಾಹುಲರು ಚುಟುಕಾಗಿ ಮುಗಿಸುತ್ತಾರೆ. ಈ ಪುಸ್ತಕವನ್ನಷ್ಟೇ ಓದಿಕೊಂಡು ಬೈಲಕುಪ್ಪೆಯಲ್ಲಿರುವ ಟಿಬೆಟಿನ ಬೌದ್ಧರ ನಾಮ್‌ಡ್ರೋಲಿಂಗ್ ವಿಹಾರಕ್ಕೆ ಹೋದವರು ಅವರ ಗುರು ಪದ್ಮಸಂಭವನ ಬೃಹತ್ ಮೂರ್ತಿಯ ಮುಂದೆ ದಿಕ್ಕುತೋಚದೆ ನಿಲ್ಲುತ್ತಾರೆ. ಪ್ರಾರ್ಥನಾ ಚಕ್ರ ತಿರುಗಿಸುತ್ತಿರುವ ಟಿಬೆಟಿನ ಅಜ್ಜಿ ಬೌದ್ಧಳೇ ಅಲ್ಲವೇನೋ ಎನಿಸಿಬಿಡಬಹುದು. ಅದು ಆಕೆಗೆ ಮಾಡುವ ಅನ್ಯಾಯ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಧರ್ಮಪ್ರಸಾರಕ್ಕಾಗಿ 2500 ವರ್ಷಗಳಲ್ಲಿ ಒಂದು ಹನಿ ರಕ್ತವೂ ಹರಿದಿಲ್ಲ ಎಂದು ಮೊದಲ ಅಧ್ಯಾಯವೇ ಹೇಳುತ್ತದೆ. ಪುಸ್ತಕ ಬರುವ ಹಿಂದಿನ ವರ್ಷ, 1958ರಲ್ಲಿ, ರಾಹುಲರದೇ ದ್ವೀಪದಲ್ಲಿ ತಮಿಳರ ಮೇಲೆ ಘೋರ ಹಿಂಸೆ ನಡೆದಿತ್ತು. ಸಿಂಹಳವೊಂದೇ ಆಡಳಿತ ಭಾಷೆಯಾಗಬೇಕೆಂದು ಅದಕ್ಕೂ ಮೊದಲು ಭಿಕ್ಷುಗಳು ಪ್ರಚಾರಕ್ಕಿಳಿದಿದ್ದರು. ಅದು ಮತಾಂತರಕ್ಕಾಗಿ ನಡೆದ ಹಿಂಸೆಯಲ್ಲ, ನಿಜ. ಆದರೂ ಭಿಕ್ಷುಗಳು ರಾಜಕೀಯದಲ್ಲಿ ತೊಡಗಬೇಕೆಂದು 1946ರಲ್ಲೇ ಸಿಂಹಳದಲ್ಲಿ ಪುಸ್ತಕ ಬರೆದಿದ್ದ ರಾಹುಲರು ಆ ಹಿಂಸೆಯ ಬಗ್ಗೆ ಇಲ್ಲಿ ತಾಳಿದ ಮೌನವನ್ನು ಒಪ್ಪಿಕೊಳ್ಳುವುದು ಕಷ್ಟ.

ಇಷ್ಟಾದರೂ ಸ್ನೇಹಿತರಿಗೆ ನಾನು ಕೊಡುವ ಮೊದಲ ಪುಸ್ತಕ ಇದೇ. ಕೊಡುವಾಗ ಸಿಗಾಲನಿಗೆ ಬುದ್ಧ ಹೇಳಿದ ಮಾತುಗಳ ಪುಟ ತೆರೆದುಕೊಡುತ್ತೇನೆ. ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ ಆ ಹುಡುಗನಿಗೆ ತಂದೆತಾಯಿ, ಗುರು, ಹೆಂಡತಿಮಕ್ಕಳು, ಗೆಳೆಯರು, ಕೆಲಸದಾಳುಗಳು, ಸಾಧುಸಂತರೇ ಆ ದಿಕ್ಕುಗಳೆಂದು ಬುದ್ಧ ತಿಳಿಸುತ್ತಾನೆ. ಆಳಿಗೆ ತಕ್ಕ ಸಂಬಳ ಕೊಡು, ಕಾಯಿಲೆ ಬಿದ್ದರೆ ನೋಡಿಕೋ ಎನ್ನುತ್ತಾನೆ. ಅನಾತ್ಮದ ಅಧ್ಯಾಯವನ್ನು ಅವರು ಆಮೇಲೆ ಓದಲಿ. ಜಗಳಕ್ಕೆ ಬಂದರೆ ಇನ್ನೂ ಒಳ್ಳೆಯದು.